ಬಂದೂಕಿನ ಹಿಡಿಯ ಮೊಳೆಗಳು

ರಾಯಚೂರಿನ ನಮ್ಮ ಓಣಿಯಲ್ಲಿ ಮೊನ್ನೆ ಬಡಗಿಯೊಬ್ಬ ಹೊಸ ಬಾಗಿಲಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಸಂಜೆ ಐದಕ್ಕೆ ನಡೆಯಲು ಹೊರಟು ಐದೂಮುಕ್ಕಾಲಿಗೆ ಮನೆ ಸೇರುವುದು ನನ್ನ ರೂಢಿ. ನಲವತ್ತು ವರ್ಷ ದಾದಿಯಾಗಿ ದುಡಿದ ಮೈ ಅದನ್ನು ತಪ್ಪಿಸುವುದಿಲ್ಲ. ಅಂದು ತಪ್ಪಿತು. ಆ ಹಸಿ, ತುಸು ಕಮಟು ವಾಸನೆ ಮೂಗಿಗೆ ಹತ್ತಿದ್ದೇ ನಾನು ಅಲ್ಲಿಯೇ ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಈಗ ಇಲ್ಲದ ಮನೆಯೊಂದರ ಬಾಗಿಲನ್ನು ಹೇಳದೆ ಕೇಳದೆ ತೆಗೆಯುವಂಥದು. ನನಗೆ ತೆರೆದದ್ದು ಗಬ್ಬೂರಿನಾಚೆ ಎರೆಹೊಲಗಳ ನಡುವಿನ ನಮ್ಮ ಮಣ್ಣಿನ ಮನೆ, ಅದರ ಪಡಸಾಲೆ, ಅಲ್ಲಿ ಕಂಬಳಿಯ ಮೇಲೆ ಅಡ್ಡ ಮಲಗಿಸಿದ ಬಂದೂಕು.

ನಮ್ಮದು ಕುರಿ ಸಾಕುವ ಮನೆ. ಪ್ರತಿ ಸೋಮವಾರ ಕುರಿಗಳು ಹೊರಟ ಮೇಲೆ ಅಜ್ಜ ಬಂದೂಕನ್ನು ಇಳಿಸಿ, ಹಳೆಯ ಧೋತರದ ಚೂರಿನಿಂದ ಅದರ ಮರದ ಹಿಡಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಎಣ್ಣೆಯ ಬಟ್ಟಲು ಹಿಡಿದು ಕೂರುವುದು ನನ್ನ ಕೆಲಸ. ಹಿಡಿಯ ಬಲಮಗ್ಗುಲಿಗೆ ನಾಲ್ಕು ಹಿತ್ತಾಳೆ ಮೊಳೆಗಳು ಸಾಲಾಗಿ ಹೊಳೆಯುತ್ತಿದ್ದವು. ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಅಜ್ಜ ಒಂದೊಂದು ಮೊಳೆ ಬಡಿದಿದ್ದ: ಅಣ್ಣನದು, ನನ್ನದು, ಇಬ್ಬರು ತಮ್ಮಂದಿರದು. ಮೊಳೆ ಬಿದ್ದ ಕೂಸನ್ನು ಬಂದೂಕು ಕಾಯುತ್ತದೆ ಎಂಬುದು ಅವನ ಮಾತು. ಅವುಗಳ ಮೇಲೆ ಇನ್ನೊಂದು ಕಬ್ಬಿಣದ ಮೊಳೆ ಇತ್ತು, ಎಣ್ಣೆ ಕುಡಿದು ಕಪ್ಪಾದದ್ದು. ಬಂದೂಕಿನ ಜೊತೆಗೇ ಬಂದದ್ದು ಅಂದುಕೊಂಡು ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಬೇಲಿ ಕಡಿಯುವಾಗ ಜಾಲಿಮುಳ್ಳು ಬಡಿದು ಅಪ್ಪನ ಬಲಗಣ್ಣು ಹೋಯಿತು. ಆ ಚಳಿಗಾಲ ತೋಳಗಳು ಎರಡು ಸಲ ಕುರಿದಡ್ಡಿಗೆ ನುಗ್ಗಿದವು. ಅಪ್ಪ ಬಂದೂಕನ್ನು ಎಡಹೆಗಲಿಗೆ ಕೊಟ್ಟು ಗುರಿ ಹಿಡಿಯಲು ಕಲಿಯತೊಡಗಿದ. ಆದರೆ ಆ ಹಿಡಿ ಬಲಹೆಗಲಿನವರಿಗೆ ಮಾಡಿದ್ದು. ಎಡಗೆನ್ನೆ ಒತ್ತುವ ಕಡೆಯೇ ಮೊಳೆಗಳಿದ್ದವು. ಎಡಗಣ್ಣು ಗುರಿಯ ಸಾಲಿಗೆ ಬರುವುದರೊಳಗೆ ಕಟ್ಟಿಗೆ ಮುಖಕ್ಕೆ ಅಡ್ಡ ಬರುತ್ತಿತ್ತು. ಹೊಡೆದಾಗಲೆಲ್ಲ ಕೆನ್ನೆ ಹರಿಯುತ್ತಿತ್ತು, ಗುಂಡು ಎಲ್ಲಿಗೋ ಹೋಗುತ್ತಿತ್ತು. ಆ ಮಗ್ಗುಲನ್ನು ಕೆತ್ತಿ ತಗ್ಗು ಮಾಡಬೇಕೆಂದು ಅಪ್ಪ, ಕೂಡದೆಂದು ಅಜ್ಜ. ಒಂದು ತಿಂಗಳು ಅವರಿಬ್ಬರೂ ಒಂದೇ ಗಂಗಾಳದೆದುರು ಕೂತು ಮಾತಿಲ್ಲದೆ ಉಂಡರು. ಕೊನೆಗೆ ಅಜ್ಜ ಅರ್ಧ ಮನಸ್ಸಿನಿಂದ ಮಾನ್ವಿಯ ಬಡಗಿ ಮೋನಪ್ಪನನ್ನು ಕರೆಸಿದ.

ಮೋನಪ್ಪ ಬಂದೂಕನ್ನು ಅಪ್ಪನ ಹೆಗಲಿಗೆ ಕೊಟ್ಟು, ಸುತ್ತ ತಿರುಗಿ ನೋಡಿ, ಸೀಸದ ಕಡ್ಡಿಯಿಂದ ಗುರುತು ಹಾಕಿದ. "ನಿನ್ನ ಕೆನ್ನಿ ಕೆತ್ತಲ್ಯಾ, ಕಟಿಗಿ ಕೆತ್ತಲ್ಯಾ? ಕಟಿಗಿ ಸಸಾರ ನೋಡು" ಎಂದು ನಕ್ಕ. ಹಿತ್ತಾಳೆ ಮೊಳೆಗಳನ್ನು ಒಂದೊಂದಾಗಿ ಕಿತ್ತು ನನ್ನ ಎಣ್ಣೆ ಬಟ್ಟಲಿಗೆ ಹಾಕಿದ. ಇಕ್ಕಳ ಕಪ್ಪು ಮೊಳೆಗೆ ಹೋದಾಗ ಅಜ್ಜ ಅವನ ಕೈ ಹಿಡಿದ.

"ಅದನ್ನ ಮುಟ್ಟಬ್ಯಾಡ."

"ಕೆನ್ನಿ ಕೂಡೂದ ಅಲ್ಲೇ ಅದ ಯಜ್ಜಾ. ಇದನ್ನ ಬಿಟ್ಟು ಏನು ಕೆತ್ತಲಿ?"

ನಾನು ತಿಳಿದವಳಂತೆ ಬಾಯಿ ಹಾಕಿದೆ: "ಅದು ನಮ್ದಲ್ರೀ, ಬಂದೂಕಿಂದು."

"ಯಾರು ಹೇಳ್ಯಾರ ಬೇ? ಇದು ಕಾಲಾಗಿನ ಕೆರದ ಮೊಳಿ. ಬಂದೂಕಿಗೆ ಕೆರದ ಮೊಳಿ ಯಾರು ಹೊಡೀತಾರ? ಯಾರದಿದು?" ಎಂದ ಮೋನಪ್ಪ.

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಮಾಳವ್ವಂದು."

ಮಾಳವ್ವ ಎಂದರೆ ನಾನು. "ನಂದು ಹಿತ್ತಾಳೀದು ಯವ್ವಾ, ಎರಡನೇದು" ಎಂದೆ.

"ನೀನಲ್ಲ. ನಿಮ್ಮೆಲ್ಲಾರಕಿಂತ ಮದಲಿನಾಕಿ."

ಬಟ್ಟಲು ನನ್ನ ಕೈಯಿಂದ ಬಿತ್ತು. ಎಣ್ಣೆ ಕಂಬಳಿಗೆ ಹರಿಯಿತು, ಮೊಳೆಗಳು ಉರುಳಿದವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಮೊರ ಕೆಳಗಿಟ್ಟು ನಾಲ್ಕೇ ಮಾತಿನಲ್ಲಿ ಹೇಳಿದಳು. ಮೂರು ವರ್ಷದ ಕೂಸು. ದಡ್ಡಿ ಕಾಯುತ್ತಿದ್ದ ಅಪ್ಪನಿಗೆ ಬೆಳಗಿನ ಜಾವ ಕಣ್ಣು ಹತ್ತಿತ್ತು. ತೋಳ ಕುರಿ ಬಿಟ್ಟು, ಅವನ ಪಕ್ಕ ಕಂಬಳಿಯೊಳಗೆ ಮಲಗಿದ್ದ ಅವಳನ್ನು ಎತ್ತಿಕೊಂಡು ಹೋಯಿತು. ಆಮೇಲೆ ಅಜ್ಜ ಅರ್ಧ ಹಿಂಡು ಮಾರಿ ಪರವಾನಗಿ ಮಾಡಿಸಿ ಬಂದೂಕು ತಂದ. ಅದು ಮನೆಗೆ ಬಂದ ದಿನ ಅಪ್ಪ ತನ್ನ ಕಾಲಿನ ಕೆರದಿಂದಲೇ ಮೊಳೆ ಕಿತ್ತು, ಕಲ್ಲಿನಿಂದ ಆ ಕಟ್ಟಿಗೆಗೆ ಬಡಿದ. ನಾನು ಅಪ್ಪನ ಕಡೆ ನೋಡಿದೆ. ಅವನು ಇದ್ದೊಂದು ಕಣ್ಣನ್ನೂ ಮುಚ್ಚಿಕೊಂಡು ಕೂತಿದ್ದ.

"ಬ್ಯಾಡ ಬಿಡ್ರಿ," ಎಂದ ಅಪ್ಪ. "ಅದು ಅಲ್ಲೇ ಇರ್ಲಿ. ಹರಿದ್ರ ನನ್ನ ಕೆನ್ನಿ ಹರೀತದ."

ಮಾವನೆದುರು ಸೆರಗು ಸರಿಸದ ಅವ್ವ ಅಂದು ಎದ್ದು ಬಂದು ಮೂವರ ನಡುವೆ ಕೂತಳು. "ಮಾವಾ, ಆಕಿಗೋಸ್ಕರ ಬಂದದ್ದು ಈ ಬಂದೂಕು. ಆಕಿ ಮೊಳಿ ತಾಕಿ ಗುರಿ ತಪ್ಪತದಂದ್ರ ಉಳಿದ ನಾಕನ್ನ ಯಾರು ಕಾಯಬೇಕು?" ಎಂದಳು. ಅಜ್ಜನ ಕೈ ಸಡಿಲವಾಯಿತು. ಅವ್ವ ಬಡಗಿಯ ಕಡೆ ತಿರುಗಿ, "ಕೀಳು ಅಣ್ಣಾ" ಎಂದಳು. ಮೊಳೆ ಕಟ್ಟಿಗೆಯಿಂದ ಹೊರಬರುವಾಗ ಆದ ಕಿರ್ ಎಂಬ ಸದ್ದು ಇಂದಿಗೂ ನನ್ನ ಹಲ್ಲಿನಲ್ಲಿದೆ.

ಕೆತ್ತಿದ ಜಾಗ ಹಸಿಗಾಯದಂತೆ ಬೆಳ್ಳಗೆ ಕಂಡಿತು. ಎಷ್ಟು ಎಣ್ಣೆ ಕುಡಿಸಿದರೂ ಅದರ ಬಣ್ಣ ಉಳಿದದ್ದಕ್ಕೆ ಕೂಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ದಡ್ಡಿಯ ಕಡೆಯಿಂದ ಒಂದೇ ಗುಂಡಿನ ಸದ್ದು ಕೇಳಿಸಿತು. ಅಪ್ಪ ಬಂದು ಬಂದೂಕನ್ನು ಗೋಡೆಗೆ ಒರಗಿಸಿ, ಒಲೆಯ ಮುಂದೆ ಅವ್ವನ ಪಕ್ಕ ಕೂತ. "ಬಿತ್ತು" ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಪ್ಪನ ಕೆನ್ನೆ ಹರಿದಿರಲಿಲ್ಲ.

ಮುಂದಿನ ವರ್ಷ, ನವಾಬರ ಆಳ್ವಿಕೆ ಹೋಗಿ ರಾಜ್ಯ ಬದಲಾದ ಹೊಸತರಲ್ಲಿ, ಮನೆಮನೆಯ ಬಂದೂಕುಗಳನ್ನು ತಂದೊಪ್ಪಿಸಬೇಕೆಂದು ಡಂಗುರ ಹೊಡೆದರು. ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ದೇವದುರ್ಗಕ್ಕೆ ನಡೆದು ಹೋಗಿ, ಸಂಜೆ ಖಾಲಿ ಕಂಬಳಿ ಹೊದ್ದು ಬಂದ. ಈಗ ಅಜ್ಜನಿಲ್ಲ, ಅಪ್ಪ ಅವ್ವ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ. ಮನೆಯಿದ್ದಲ್ಲಿ ಯಾರೋ ಹತ್ತಿ ಬಿತ್ತಿದ್ದಾರೆ. ಮೊಳೆಗಳು ಅವ್ವನ ಕುಂಕುಮದ ಡಬ್ಬಿಯಲ್ಲಿ ನನ್ನ ಬಳಿ ಇವೆ. ಮೊನ್ನೆ ತಡವಾಗಿ ಮನೆ ಸೇರಿದವಳು ಅವನ್ನು ತೆಗೆದು, ಒರೆಸಿ, ರೂಢಿಯಂತೆ ಎಣಿಸಿಟ್ಟೆ. ಐದು ಇದ್ದವು. ನನ್ನ ಹೆಸರಿನವು ಎರಡು.