ಮಸ್ಕತ್ತಿಗೆ ಎರಡು ಗಂಟೆ

ಮಸ್ಕತ್ ನನ್ನ ತವರಿನಷ್ಟೇ ದೂರ ಎಂದು ನಾನು ಒಂದು ವರ್ಷ ನಂಬಿದ್ದೆ. ನಗಬೇಡಿ, ನನ್ನ ಬಳಿ ಸಾಕ್ಷಿ ಇತ್ತು. ನಾನು ಎರಡು ತಿಂಗಳ ಬಸುರಿಯಾಗಿದ್ದಾಗ ನಮ್ಮ ಯಜಮಾನರು ಅಲ್ಲಿ ನೀರಿನ ಟ್ಯಾಂಕರ್ ಓಡಿಸಲು ಹೊರಟರು. ಹೋಗುವಾಗ ವಿಮಾನದ ಟಿಕೆಟ್ಟಿನ ಜೆರಾಕ್ಸ್ ಒಂದನ್ನು ನನ್ನ ಕೈಗೆ ಕೊಟ್ಟರು. ಬೆಂಗಳೂರು ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಮಸ್ಕತ್ ಸೇರುವುದು ಹನ್ನೆರಡಕ್ಕೆ. ಹುಣಸೂರಿನ ನಮ್ಮ ಮನೆಯಿಂದ ಕೆ.ಆರ್. ನಗರಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ಭೇರ್ಯದ ತವರು ಮುಟ್ಟಲೂ ಎರಡು ಗಂಟೆಯೇ. ನಮ್ಮ ಕಡೆ ದಾರಿಯನ್ನು ಯಾರೂ ಮೈಲಿಯಲ್ಲಿ ಕೇಳುವುದಿಲ್ಲ, 'ಏಟೊತ್ತಿನ ದಾರಿ?' ಎನ್ನುತ್ತಾರೆ. ಕೇಳಿದವರಿಗೆಲ್ಲ 'ಎಲ್ಡು ಗಂಟೆ' ಎಂದು ಜಂಬದಿಂದ ಹೇಳುತ್ತಿದ್ದೆ.

ಹೆರಿಗೆಗೆ ಭೇರ್ಯಕ್ಕೆ ಬಂದೆ. ಮಗಳು ಹುಟ್ಟಿದಳು. ಪ್ರತಿ ಶುಕ್ರವಾರ ಸಂಜೆ ಯಜಮಾನರು ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತಿದ್ದರು. ಬಾಣಂತಿ ನಾನು, ಹೊಸಿಲು ದಾಟುವಂತಿರಲಿಲ್ಲ. ಅಣ್ಣ ಹೋಗಿ ಮಾತಾಡಿ ಬರುತ್ತಿದ್ದ. ಪ್ರತಿ ಸಲವೂ ಒಂದೇ ಸುದ್ದಿ: 'ರಜ ಕೊಡಲ್ವಂತೆ ಕಣವ್ವ.'

ನನಗೆ ಮೈಯೆಲ್ಲ ಉರಿಯುತ್ತಿತ್ತು. ಶುಕ್ರವಾರ ಹೇಗೂ ಅಲ್ಲಿ ರಜವಂತೆ. ಬೆಳಿಗ್ಗೆ ಬಂದು ಮಗಳ ಮುಖ ನೋಡಿ ಸಂಜೆ ಹೋದರೆ ಇವರ ಗಂಟೇನು ಹೋಗುತ್ತದೆ? ಬಾಣಂತನ ಮುಗಿದ ಮೇಲೂ ನಾನು ಬೂತಿನ ಕಡೆ ತಲೆ ಹಾಕಲಿಲ್ಲ, ಅಣ್ಣನನ್ನೂ ಕಳಿಸಲಿಲ್ಲ. ಮೂರು ಶುಕ್ರವಾರ ಹಾಗೇ ಕಳೆದವು.

ನಾಲ್ಕನೆಯ ಶುಕ್ರವಾರ ಮಧ್ಯಾಹ್ನ ಬೂತಿನವರೇ ಮನೆಗೆ ಬಂದರು. 'ವಾರವಾರ ನಿಮ್ಮೆಜಮಾನ್ರಿಗೆ ಇಲ್ಲ, ಬಂದಿಲ್ಲ ಅನ್ನಕ್ಕೆ ನಂಗೇ ನಾಚ್ಕೆ ಆಯ್ತದೆ ಕಣವ್ವ. ಇವತ್ತಾದ್ರೂ ಬಾ.'

'ಎಲ್ಡು ಗಂಟೆ ದಾರಿ ಬರಕ್ಕಾಗ್ದೋರು ಫೋನ್ ಯಾಕೆ ಮಾಡ್ತಾರೆ?' ಎಂದು ಜೆರಾಕ್ಸ್ ತಂದು ಮುಂದೆ ಹಿಡಿದೆ.

ಅವರು ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ. 'ಇದು ಅಲ್ಲಿ ಗಡಿಯಾರದ ಹನ್ನೆಲ್ಡು. ಅವ್ರು ನಮ್ಗಿಂತ ಒಂದೂವರೆ ಗಂಟೆ ಹಿಂದೆ. ದಾರಿ ಮೂರೂವರೆ ಗಂಟೆ ಕಣವ್ವ. ಅದೇಟೇ ಆಗ್ಲಿ, ಪಾಸ್‌ಪೋರ್ಟು ಮಾಲೀಕನ್ ತಾವ ಇರ್ತದೆ. ಅವ್ನು ಬುಟ್ರಲ್ವಾ ಬರಾದು?'

ದಾರಿ ಉದ್ದವಾಯಿತೆಂದು ನನಗೆ ಸಂಕಟವಾದದ್ದಲ್ಲ. ನಾನು ಉಂಡು ಕೈ ತೊಳೆಯುವಾಗ ಯಜಮಾನರಿಗಿನ್ನೂ ಊಟದ ಹೊತ್ತೇ ಆಗಿರುವುದಿಲ್ಲ. ಈಗ ಅವರೂ ಉಣ್ಣುತ್ತಿರಬೇಕು ಎಂದುಕೊಂಡು ಒಂದು ವರ್ಷ ಜೊತೆಯಲ್ಲಿ ಉಂಡದ್ದೆಲ್ಲ ನಾನೊಬ್ಬಳೇ ಉಂಡದ್ದು. ಮನೆ ತುಂಬ ಜನರಿದ್ದರೂ ಅಷ್ಟು ಒಂಟಿ ಎಂದೂ ಅನಿಸಿರಲಿಲ್ಲ.

ಸಂಜೆ ಮಗಳನ್ನು ಎತ್ತಿಕೊಂಡು ಬೂತಿನಲ್ಲಿ ಕುಳಿತೆ. ಫೋನ್ ಬಂತು. 'ಬಂದಿದ್ಯಾ?' ಎಂದರು, ಅಷ್ಟೇ. ತಪ್ಪಾಯಿತು ಎನ್ನುವ ಬದಲು 'ನಿಮ್ ಮಗಳು ಮಾತಾಡ್ತಾಳಂತೆ' ಎಂದು ರಿಸೀವರನ್ನು ಮಗುವಿನ ಬಾಯಿಯ ಹತ್ತಿರ ಹಿಡಿದೆ. ದಾರಿಯುದ್ದಕ್ಕೂ ಕಿರುಚಿಕೊಂಡು ಬಂದವಳು ಈಗ ಗಪ್‌ಚುಪ್.

'ಎಲ್ಲಿ, ಏನೂ ಕೇಳ್ತಿಲ್ವಲ್ಲ' ಎಂಬ ದನಿ ಮತ್ತೆ ಮತ್ತೆ ಬಂತು. ಬೇರೇನೂ ತೋಚದೆ ಅವಳ ತೊಡೆಯನ್ನು ಮೆಲ್ಲಗೆ ಚಿವುಟಿದೆ. ಬೂತೇ ಹಾರಿಹೋಗುವಂತೆ ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಅವಳನ್ನು ಸಮಾಧಾನ ಮಾಡಲೆಂದು ರಿಸೀವರ್ ಪಕ್ಕಕ್ಕಿಡಲು ಹೋದೆ.

'ಇರ್ಲಿ ಬುಡಮ್ಮಿ' ಎಂದರು ಆ ಕಡೆಯಿಂದ. 'ಇನ್ನೊಸಿ ಅಳ್ಲಿ.'