ಎಲೆತೋಟದ ಹೊರಗೆ ಮೂವರು

ನನ್ನನ್ನು ಮದುವೆ ಮಾಡಿಕೊಟ್ಟದ್ದು ಎಲೆತೋಟದ ಮನೆಗೆ. ಮೈಸೂರಿನ ಅಗ್ರಹಾರ ದಾಟಿ ನಂಜನಗೂಡಿನ ರಸ್ತೆ ಹಿಡಿದರೆ ಆಗ ಊರು ಅಲ್ಲಿಗೇ ಮುಗಿದು ವೀಳ್ಯದೆಲೆಯ ತೋಟಗಳು ಶುರುವಾಗುತ್ತಿದ್ದವು. ಸ್ವಾತಂತ್ರ್ಯ ಬಂದು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಮದುವೆಯಾದ ಮರುವರ್ಷವೇ ನಮ್ಮ ಯಜಮಾನರು ಮಿಲಿಟರಿ ಸೇರಿ ಉತ್ತರಕ್ಕೆ ಹೊರಟುಹೋದರು. ವರ್ಷಕ್ಕೊಮ್ಮೆ ರಜೆ. ಮಿಕ್ಕ ದಿನವೆಲ್ಲ ಆ ಮನೆಯಲ್ಲಿ ಇದ್ದವರು ವಿಧವೆ ಅತ್ತೆ, ನಾನು, ಮತ್ತು ಯಜಮಾನರು ಬಿಟ್ಟುಹೋದ ಎರಡು ಬೇಟೆನಾಯಿಗಳು. ಅತ್ತೆಯದು ಮಾತು ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರು ಆಡಿದ ಮಾತೆಲ್ಲ ಕೂಡಿಸಿದರೂ ಒಬ್ಬರಿಗೆ ಸಾಲುತ್ತಿರಲಿಲ್ಲ.

ನಾಯಿಗಳಿಗೆ ಯಜಮಾನರು ಇಂಗ್ಲಿಷ್ ಹೆಸರಿಟ್ಟಿದ್ದರು. ಅತ್ತೆಯ ನಾಲಿಗೆಗೆ ಅವು ಹೊರಳಲಿಲ್ಲ, ನನಗೆ ಕೂಗಲು ನಾಚಿಕೆ. ಹಾಗಾಗಿ ಒಂದು ಕರೀದು, ಇನ್ನೊಂದು ಕೆಂಪಂದು. ಕರೀದು ಹೆಣ್ಣು. ಎರಡಕ್ಕೂ ಉದ್ದ ಕಾಲು, ಚೂಪು ಮೂತಿ, ಬೆನ್ನಿಗಂಟಿದ ಹೊಟ್ಟೆ. ಮೊಲ ಅಟ್ಟುವುದಕ್ಕೆಂದೇ ಹುಟ್ಟಿದ ಜಾತಿ. "ಎಷ್ಟ್ ಇಕ್ಕುದ್ರೂ ಹೊಟ್ಟೇನೆ ಕಾಣಾಕಿಲ್ವಲ್ಲ, ನೋಡ್ದೋರು ನಾವು ಉಪ್ವಾಸ ಕೆಡುವ್ತೀವಿ ಅಂದ್ಕಂಡಾರು" ಎಂದು ಅತ್ತೆಗೆ ಅವುಗಳ ಮೇಲೆ ಮುನಿಸು. ಯಜಮಾನರು ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು, "ನಾಯಿ ನೋಡ್ಕೊ." ನನ್ನನ್ನು ನೋಡಿಕೊಳ್ಳಲು ಯಾರಿಗೆ ಹೇಳಿಹೋದರೋ ತಿಳಿಯದು. ಬಹುಶಃ ನಾಯಿಗಳಿಗೆ ಹೇಳಿರಬೇಕು.

ಎಲೆತೋಟ ಎಂದರೆ ಮಡಿ. ಮೆಟ್ಟು ಮೆಟ್ಟಿಕೊಂಡು ಒಳಗೆ ಹೋಗುವಂತಿಲ್ಲ, ಮುಟ್ಟಾದ ಹೆಂಗಸು ಹೋಗುವಂತಿಲ್ಲ, ನಾಯಿ ಹೋಗುವಂತಿಲ್ಲ. ಹೋದರೆ ಬಳ್ಳಿ ಸೊರಗುತ್ತದೆಂಬ ನಂಬಿಕೆ. ಬಳ್ಳಿಯ ವಿಚಾರ ನನಗೆ ಗೊತ್ತಿಲ್ಲ, ಆದರೆ ಅಗಸೆ ಮರಕ್ಕೆ ಹಬ್ಬಿದ ಆ ಬಳ್ಳಿಗಳ ಬುಡದಲ್ಲಿ ಸದಾ ನೀರು, ಸದಾ ತಂಪು. ಹಾವಿಗೆ ಹೇಳಿ ಮಾಡಿಸಿದ ಜಾಗ. ನಾಯಿ ಅಲ್ಲಿಗೆ ಹೋಗದಿದ್ದರೇ ವಾಸಿ ಎಂದು ನನಗೂ ಅನಿಸುತ್ತಿತ್ತು. ತೋಟದ ಬೇಲಿಯಾಚೆ ಒಂದು ಗಾಡಿ ಕೊಟ್ಟಿಗೆ ಇತ್ತು. ನಾಯಿಗಳನ್ನು ಕಟ್ಟುತ್ತಿದ್ದದ್ದು ಅಲ್ಲಿ. ತಿಂಗಳಲ್ಲಿ ಮೂರು ದಿನ ನಾನು ಹೊರಗೆ ಕೂರುತ್ತಿದ್ದದ್ದೂ ಅಲ್ಲೇ. ಮೂವರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದಾರಲ್ಲ ಎಂದು ಮೊದಮೊದಲು ಉರಿದುಹೋಗುತ್ತಿತ್ತು.

ಆಮೇಲೆ ಆ ಮೂರು ದಿನಕ್ಕೇ ಕಾಯತೊಡಗಿದೆ. ಉಳಿದ ದಿನಗಳಲ್ಲಿ ಎಲೆ ಎಣಿಸು, ಕಟ್ಟು, ನೀರು ಸೇದು, ಒಲೆ ಹಚ್ಚು. ಹೊರಗಾದವಳಿಗೆ ಮಾತ್ರ ಯಾರೂ ಕೆಲಸ ಹೇಳುವಂತಿಲ್ಲ. ಕೊಟ್ಟಿಗೆಯ ಹಿಂದೆ ಪಾಳು ಬಯಲು, ಬೆಟ್ಟದ ಬುಡದವರೆಗೂ. ಬೆಳಕು ಹರಿಯುವ ಮುಂಚೆ ಸೆರಗು ಸಿಕ್ಕಿಸಿ ಎರಡನ್ನೂ ಬಿಟ್ಟರೆ ಅವು ಓಡುವುದನ್ನು ನೋಡಬೇಕಿತ್ತು. ನನ್ನ ಕಾಲೇ ನೆಲ ಬಿಟ್ಟ ಹಾಗಾಗುತ್ತಿತ್ತು. ನನ್ನ ಹೆಸರು ಹಿಡಿದು ಕೂಗುವವರು ಒಬ್ಬರೂ ಇಲ್ಲದ ಆ ಬಯಲಿನಲ್ಲಿ ಎರಡು ಪ್ರಾಣಿಗಳು ನಾನು ಎಲ್ಲಿದ್ದೇನೆಂದು ತಿರುತಿರುಗಿ ನೋಡುತ್ತಿದ್ದವು.

ನಾಯಿ ಸಾಕುವುದನ್ನು ನನಗೆ ಯಾರೂ ಕಲಿಸಲಿಲ್ಲ, ಪೆಟ್ಟು ತಿಂದೇ ಕಲಿತೆ. ಓಡಿ ಬಂದ ಕೂಡಲೇ ಮುದ್ದೆ ಹಾಕಿ ಒಮ್ಮೆ ಕೆಂಪಂದು ಹೊಟ್ಟೆ ಉಬ್ಬಿ ಹೊರಳಾಡಿತು. ಅಂದಿನಿಂದ ಏದುಸಿರು ನಿಂತು ನಾಲಿಗೆ ಒಳಗೆ ಹೋದಮೇಲೆಯೇ ಊಟ. ಬಯಲಿನಲ್ಲಿದ್ದ ಪಾಳುಬಾವಿಗೆ ಕಟ್ಟೆ ಇರಲಿಲ್ಲ, ಸುತ್ತ ಜಾಲಿಮುಳ್ಳು ತಂದು ಒಟ್ಟಿದೆ. ಮೈಗೆ ಉಣ್ಣೆಹುಳ ಹತ್ತಿದರೆ ಹೊಂಗೆ ಎಣ್ಣೆ. ಅಂಗಾಲಿನ ಮುಳ್ಳನ್ನು ನನ್ನ ಸೇಫ್ಟಿಪಿನ್ನಿನಿಂದಲೇ ತೆಗೆಯುತ್ತಿದ್ದೆ. ಎಲ್ಲಕ್ಕಿಂತ ಹೆದರಿಕೆ ಚಾಮರಾಜನಗರದ ರೈಲಿನದು. ಅದರ ಜೊತೆ ಪಂದ್ಯ ಕಟ್ಟುವುದೆಂದರೆ ಈ ಎರಡಕ್ಕೂ ಹುಚ್ಚು. ಸಿಳ್ಳೆ ಕೇಳಿದೊಡನೆ ಎರಡರ ಕೊರಳಪಟ್ಟಿಯನ್ನೂ ಹಿಡಿದು ನೆಲಕ್ಕೆ ಕುಕ್ಕರಿಸಿಬಿಡುತ್ತಿದ್ದೆ. ಡಬ್ಬಿಯಲ್ಲಿದ್ದ ಜನ ಕೈ ಬೀಸುತ್ತಿದ್ದರು. ನನ್ನ ಕೈ ಎರಡೂ ಖಾಲಿ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರೀದು ಹಗ್ಗ ಕಡಿದುಕೊಂಡು ಮುಂಗುಸಿಯ ಹಿಂದೆ ತೋಟಕ್ಕೇ ನುಗ್ಗಿತು. ಅತ್ತೆ ಕಣ್ಣಾರೆ ಕಂಡರು. ತೋಟಕ್ಕೆಲ್ಲ ಗಂಜಲ ಚಿಮುಕಿಸಿದ್ದಾಯಿತು. ನಂತರ ಕೊಟ್ಟಿಗೆಯ ಮುಂದೆ ನಿಂತು, ಸಿಟ್ಟೇ ಇಲ್ಲದ ದನಿಯಲ್ಲಿ, "ಇನ್ನೊಂದ್ ಸಲ ಒಳೀಕ್ ಬಂದ್ರೆ ಎರಡ್ನೂವೆ ಮಂಡಿ ಮೊಹಲ್ಲಾಕ್ಕೆ ಕಳುಸ್ಬುಡ್ತೀನಿ ಕಣಮ್ಮಿ" ಎಂದರು. ಮಂಡಿ ಮೊಹಲ್ಲಾದಲ್ಲಿ ಅತ್ತೆಯ ತಮ್ಮನ ಬೆಲ್ಲದ ಮಂಡಿ. ಆ ಗೋಡೌನನ್ನು ನಾನು ನೋಡಿದ್ದೆ. ಕಿಟಕಿಯಿಲ್ಲ, ಬಾಗಿಲಲ್ಲೊಂದು ಸರಪಳಿ, ಸರಪಳಿ ಮುಗಿಯುವಲ್ಲಿಗೆ ಗೋಡೆ. ಓಡುವ ನಾಯಿಯನ್ನು ಅಲ್ಲಿ ಕಟ್ಟುವುದಕ್ಕಿಂತ ರೈಲಿಗೆ ಬಿಡುವುದೇ ಮೇಲು.

ಅಂದಿನಿಂದ ಉದ್ದ ಹಗ್ಗ ತೆಗೆದು ಅವನ್ನು ಗಿಡ್ಡಕ್ಕೆ ಬಿಗಿಯಾಗಿ ಕಟ್ಟಿದೆವು. ಕೆಲವೇ ದಿನಕ್ಕೆ ಕರೀದು ಊಟ ಬಿಟ್ಟಿತು. ತನ್ನ ಮುಂಗಾಲನ್ನೇ ಕಚ್ಚಿ ಕಚ್ಚಿ ಹಸಿ ಮಾಡಿಕೊಂಡಿತು. ಅರಿಶಿನ ಹಚ್ಚಿದರೆ ಅದನ್ನೂ ನೆಕ್ಕಿತು. ಕೆಂಪಂದು ಇದ್ದಲ್ಲೇ ಗಿರಗಿರನೆ ಸುತ್ತುತ್ತಿತ್ತು. ಅವಕ್ಕೆ ಬೇಕಾದದ್ದು ಔಷಧಿಯಲ್ಲ, ಬಯಲು ಎಂಬುದು ಕುರುಡನಿಗೂ ಕಾಣುತ್ತಿತ್ತು. ಆದರೆ ಗಂಡ ಊರಲ್ಲಿಲ್ಲದ ಸೊಸೆ ಹಾಡಹಗಲೇ ನಾಯಿ ಹಿಂದೆ ಓಡುತ್ತೇನೆಂದರೆ ಒಪ್ಪುವ ಅತ್ತೆ ಯಾರು? ಕೇಳುವ ಗೋಜಿಗೇ ನಾನು ಹೋಗಲಿಲ್ಲ. ಮುಟ್ಟು ಮುಗಿದು ಎರಡು ವಾರವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದವಳೇ, "ಅತ್ತೆ, ಹೊರಗಾದೆ" ಎಂದೆ.

"ಮೊನ್ನೆ ಮೊನ್ನೆ ಆಗಿದ್ದಲ್ಲ?"

"ಆಯ್ತು, ನಾನೇನ್ ಮಾಡ್ಲಿ?"

ಅತ್ತೆ ನನ್ನ ಮುಖ ನೋಡಿ ದಾರಿ ಬಿಟ್ಟರು. ಆ ಮೂರು ದಿನದಲ್ಲಿ ಕರೀದು ಮತ್ತೆ ಮುದ್ದೆ ಮುಟ್ಟಿತು, ಕಾಲು ಒಣಗಿತು. ಹಾಗೆ ತಿಂಗಳಿಗೊಮ್ಮೆ ದೇವರು ಕೊಟ್ಟ ಮುಟ್ಟು, ಇನ್ನೊಮ್ಮೆ ನಾನೇ ಮಾಡಿಕೊಂಡ ಮುಟ್ಟು. ತಪ್ಪು ಎಂದು ಆಗ ಅನಿಸಲಿಲ್ಲ. ಈಗಲೂ ಅನಿಸುವುದಿಲ್ಲ. ಹೆಂಗಸನ್ನು ಹೊರಗೆ ಕೂರಿಸುವ ಹಕ್ಕು ಮನೆಗಿದ್ದರೆ, ತಾನಾಗಿಯೇ ಹೋಗಿ ಕೂರುವ ಹಕ್ಕು ಅವಳಿಗೂ ಇರಲಿ.

ಆದರೆ ನಾನು ಎಣಿಸದೇ ಇದ್ದದ್ದು ಒಂದು ನಡೆಯಿತು. ಇದು ಕಾಯಿಲೆಯೇ ಇರಬೇಕೆಂದು ಅತ್ತೆ ಹೆದರಿದರು. ಎರಡು ತಿಂಗಳು ಹೀಗೆ ನಡೆದಮೇಲೆ ಒಂದು ಬೆಳಿಗ್ಗೆ ದಾಸವಾಳದ ಮೊಗ್ಗು ಅರೆದ ಹಾಲನ್ನು ಲೋಟದಲ್ಲಿ ತಂದು ದೂರ ಇಟ್ಟರು. ಮರುದಿನ ಬಾಳೆಹೂವಿನ ಪಲ್ಯ. ಅದರ ಮರುದಿನ ಕೆಂಪಕ್ಕಿ ಗಂಜಿ, ಮೇಲೊಂದು ಹನಿ ತುಪ್ಪ. ಇಟ್ಟು ಹೊರಟುಹೋಗಲಿಲ್ಲ. ಅಲ್ಲೇ ಗಾಡಿಯ ಮೂಕಿಮರದ ಮೇಲೆ ಕೂತರು. ನಾನು ಉಣ್ಣುವುದನ್ನೇ ನೋಡುತ್ತ, "ಸುಸ್ತಾಯ್ತದಾ ಮಗ?" ಎಂದು ಕೇಳಿದರು. ಆ ಮನೆಗೆ ಬಂದು ಅಷ್ಟು ಕಾಲವಾಗಿತ್ತು, ಅವರು ನನ್ನನ್ನು ಮಗ ಎಂದದ್ದು ಅದೇ ಮೊದಲು. ತಾಯಿ ಸತ್ತಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಆಮೇಲೆ ಪ್ರತಿಸಲವೂ ಬಂದು ಕೂರತೊಡಗಿದರು. ಎದುರುಬದುರು, ಮಧ್ಯೆ ಮಾರು ದೂರ, ನನ್ನ ಪಕ್ಕ ನಾಯಿಗಳು. ಆಗಲೇ ಅವರು ಯಾರಿಗೂ ಹೇಳದ್ದನ್ನು ಹೇಳಿದ್ದು. "ನಿನ್ ಗಂಡುಂಗಿಂತ ಮುಂಚೆ ನಂಗೆ ಎರಡ್ ಬಸ್ರು ಹೋದೊ. ಇಂಗೇ ಸುರುವಾಯ್ತು, ನಿಲ್ಲಾಕಿಲ್ಲ ಅಂತು. ನಮ್ಮತ್ತೆ ನಂಬ್ನಿಲ್ಲ. ಕೆಲ್ಸುಕ್ಕೆ ಕಳ್ಳ ಬೀಳ್ತಾವ್ಳೆ ಅಂದ್ರು. ನೀನು ನನ್ನಂಗಾಗ್ಬಾರ್ದು ಕಣವ್ವ." ಹೇಳಿ ಮುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಕರೀದರ ಕಿವಿ ಸವರುತ್ತ ತಲೆ ತಗ್ಗಿಸಿ ಕೂತಿದ್ದೆ. ಬಾಯಿಬಿಟ್ಟು ಹೇಳಿಬಿಡೋಣ ಅನಿಸಿತು. ಹೇಳಿದರೆ ಅವರು ಎದ್ದುಹೋಗುತ್ತಾರೆ. ಹೋಗುವುದು ನನಗೆ ಬೇಕಿರಲಿಲ್ಲ. ಅಷ್ಟು ಹಸಿದಿದ್ದೆ ನಾನು, ಮಾತಿಗೆ.

ಮುಂದಿನ ಸಲ ನಾನು ಸುಳ್ಳೇ ಹೊರಗೆ ಕೂತಿದ್ದಾಗ ಕೊಟ್ಟಿಗೆ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಅತ್ತೆಯ ತಮ್ಮ, ನಾನು ಮಾವ ಎಂದು ಕರೆಯುತ್ತಿದ್ದವರು, ಇಳಿದರು, ಕೈಯಲ್ಲಿ ಎರಡು ಸರಪಳಿ. ಹಿಂದೆಯೇ ಅತ್ತೆ. ನಾಯಿ ತೋಟಕ್ಕೆ ನುಗ್ಗಿರಲಿಲ್ಲ, ಯಾವ ತಂಟೆಯನ್ನೂ ಮಾಡಿರಲಿಲ್ಲ.

"ಯಾಕತ್ತೆ?" ಎಂದೆ.

"ನಿನ್ ಒಳ್ಳೇದ್ಕೇ ಕಣವ್ವ" ಎಂದರು ಅತ್ತೆ. "ಹೆತ್ತಿಲ್ಲುದ್ ಹೆಣ್ಣು, ನಾಯಿ ಮಗ್ಗುಲಲ್ಲಿ ಮಲಗ್ಬಾರ್ದಂತೆ. ಅದುರ್ ಕಾವು ತಾಕಿ ಹಿಂಗಾಗದೆ ಅಂತ ಸೂಲಗಿತ್ತಿ ಹೇಳುದ್ಲು. ಇವು ಹೋದ್ರೆ ನೀನ್ ಗುಣವಾಯ್ತೀಯ."

ನಾಯಿಗಳನ್ನು ಉಳಿಸಲೆಂದು ಹೇಳಿದ ಸುಳ್ಳೇ ಅವುಗಳ ಕೊರಳಿಗೆ ಬಂದಿತ್ತು. ಅದೂ ದ್ವೇಷದಿಂದಲ್ಲ, ನನ್ನ ಮೇಲಿನ ಅಕ್ಕರೆಯಿಂದ. ಮಾವ ಬಗ್ಗಿ ಕರೀದರ ಕೊರಳಿಗೆ ಸರಪಳಿ ಸಿಕ್ಕಿಸಿದರು. ಅದು ನನ್ನ ಕಡೆ ತಿರುಗಿ ನೋಡಿತು, ಬಯಲಿನಲ್ಲಿ ನೋಡುವ ಹಾಗೆಯೇ. ನಾನು ಎದ್ದುಹೋಗಿ ಸರಪಳಿಗೆ ಕೈ ಹಾಕಿದೆ. ಹೊರಗಾದವಳು ಮುಟ್ಟಿದಳೆಂದು ಮಾವ ಬೆಂಕಿ ತಾಕಿದಂತೆ ಕೈಬಿಟ್ಟರು.

"ಏನೂ ಮೈಲಿಗೆ ಆಗಾಕಿಲ್ಲ ಮಾವ" ಎಂದೆ. "ನಾನು ಹೊರಗಾಗಿಲ್ಲ."

ಗಂಡಸಿನ ಮುಂದೆ ಆಡುವ ಮಾತಲ್ಲ ಅದು. ಮಾವ ಗಾಡಿಯ ಕಡೆ ಮುಖ ತಿರುಗಿಸಿದರು. ಅತ್ತೆ ಹತ್ತಿರ ಬಂದರು.

"ಏನಂದೆ?"

"ನಂಗೇನೂ ಕಾಯ್ಲೆ ಇಲ್ಲ ಅತ್ತೆ. ತಿಂಗ್ಳಿಗೆ ಒಂದ್ ಸಲಾನೇ ಆಗೋದು. ಇವುನ್ನ ಓಡ್ಸಕ್ಕೆ ಸುಳ್ಳು ಹೇಳ್ದೆ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನನ್ನೂ ನಾಯಿಗಳನ್ನೂ ನೋಡಿ, ತಮ್ಮನಿಗೆ, "ಬುಟ್ಬುಡಪ್ಪ, ಇಲ್ಲೇ ಇರ್ಲಿ" ಎಂದರು. ಗಾಡಿ ಖಾಲಿಯಾಗಿ ವಾಪಸಾಯಿತು. ಸಂಜೆ ಒಲೆ ಮುಂದೆ, ನನ್ನ ಮುಖ ನೋಡದೆ, "ದಿನಾ ಬೆಳಗ್ಗೆ ಓಡುಸ್ಕಂಡ್ ಬಾ. ಅದುಕ್ಕೆ ಹೊರಗ್ ಕೂತ್ಕಬೇಕಾಗಿಲ್ಲ. ಕೇಳಿದ್ರೆ ಬ್ಯಾಡ ಅಂತಿದ್ನಾ?" ಎಂದರು. ಅಷ್ಟೇ. ಅನ್ನುತ್ತಿದ್ದರೋ ಇಲ್ಲವೋ, ಕೇಳದೇ ಇದ್ದವಳು ನಾನು.

ಹೀಗೆ ನಾಯಿಗಳು ಉಳಿದವು. ಬೆಳಗಿನ ಓಟ, ಮಧ್ಯಾಹ್ನದ ನಿದ್ದೆ, ಸಂಜೆ ಇನ್ನೊಂದು ಸುತ್ತು. ಮೈ ಮಿರಮಿರ ಮಿಂಚತೊಡಗಿತು. ಹೊಟ್ಟೆತುಂಬ ಓಡಿದ ನಾಯಿಗೆ ತೋಟದ ಗೊಡವೆಯೇ ಇರಲಿಲ್ಲ. ಬೇಲಿಯ ಬಾಗಿಲು ತೆರೆದಿದ್ದರೂ ಅತ್ತ ಸುಳಿಯುತ್ತಿರಲಿಲ್ಲ. ಆದರೆ ನಾನು ಕೊಟ್ಟಿಗೆಯಲ್ಲಿ ಕೂತ ದಿನಗಳಲ್ಲಿ ಅತ್ತೆ ಮತ್ತೆ ಬಂದು ಕೂರಲಿಲ್ಲ. ತಟ್ಟೆ ಇಟ್ಟು ಹೋಗುತ್ತಿದ್ದರು. ಮಗ ಎನ್ನುವುದೂ ನಿಂತಿತು. ಕೋಪವಿದ್ದಿದ್ದರೆ ಕಾಲು ಹಿಡಿದಾದರೂ ಕಳೆಯಬಹುದಿತ್ತು. ಅವರಿಗೆ ಕೋಪವೇ ಇರಲಿಲ್ಲ. ತನ್ನ ಎರಡು ಮಕ್ಕಳ ವಿಷಯವನ್ನು ಒಬ್ಬ ಸುಳ್ಳಿಯ ಮುಂದೆ ಹೇಳಿಕೊಂಡೆನಲ್ಲ ಎಂಬ ಸಂಕೋಚವಿತ್ತು. ಮೊದಲು ಮಾತಿಲ್ಲದ ಮನೆಯಲ್ಲಿ ಹೇಗೋ ಇದ್ದೆ. ಮಾತು ಕಂಡು ಕಳೆದುಕೊಂಡಮೇಲೆ ಅದೇ ಮನೆ ಇಮ್ಮಡಿ ದೊಡ್ಡದಾಗಿ ಕಂಡಿತು.

ಮರುವರ್ಷ ಯಜಮಾನರು ರಜೆಗೆ ಬಂದರು. ನಾಯಿಗಳನ್ನು ನೋಡಿ ಹಿಗ್ಗಿ, ನನ್ನ ಬೆನ್ನು ತಟ್ಟಿ ಹೋದರು. ಅವರು ಹೋದಮೇಲೆ ಮುಟ್ಟು ನಿಂತಿತು. ಅತ್ತೆಗೆ ಹೇಳಿದೆ. ಅವರ ಮುಖ ಒಂದಿಷ್ಟು ಸಡಿಲವಾಯಿತು, ನೀರು ಸೇದುವ ಕೆಲಸ ನನ್ನ ಕೈಯಿಂದ ತೆಗೆದುಕೊಂಡರು.

ಮೂರನೆಯ ತಿಂಗಳು. ಹಗಲು ಹೊತ್ತು, ಜಗಲಿಯಲ್ಲಿ ಎಲೆ ಕಟ್ಟುತ್ತ ಕೂತಿದ್ದೆ. ಕಿಬ್ಬೊಟ್ಟೆ ಹಿಂಡಿದಂತಾಯಿತು. ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಅತ್ತೆ, ರಕ್ತ ಹೋಗ್ತಾ ಅದೆ" ಎಂದೆ.

ಅವರ ಕೈ ನಿಂತಿತು. ತಲೆಯೆತ್ತಿ ನನ್ನ ಮುಖವನ್ನು ನೋಡಿದರು.

"ದಿಟ್ವಾ?" ಎಂದು ಕೇಳಿದರು.

ಚುಚ್ಚಬೇಕೆಂದು ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು, ತಿಳಿಯುವ ಬೇರೆ ದಾರಿ ನಾನು ಉಳಿಸಿರಲಿಲ್ಲ. ಹೊಸ್ತಿಲಲ್ಲಿ ನಿಂತು ಸೀರೆಯ ನೆರಿಗೆ ಬಿಡಿಸಿ ತೋರಿಸಿದೆ.