ಉಸ್ತಾದರ ಬಲಗೈ

ನಾನು ಇಂಜಿನಿಯರ್ ಆಗುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಅಂದದ್ದು ಶಿರಾದ ಗ್ಯಾರೇಜೊಂದರಲ್ಲಿ, ಅಲ್ಲಿನ ಹಿರಿಯ ಮೆಕ್ಯಾನಿಕ್ ಉಸ್ತಾದರ ಎದುರಿಗೆ. ಉಸ್ತಾದರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಕಾರಿನ ಕಿಟಕಿಯ ಮೇಲೆ ಮೊಳಕೈ ಇಟ್ಟು ಐವತ್ತು ವರ್ಷ ಓಡಿಸಿದ ಕೈ ಅದು. ಬಿಸಿಲು ಅವರನ್ನು ಒಂದೇ ಮಗ್ಗುಲಿಗೆ ಸುಟ್ಟಿತ್ತು.

ಬುಕ್ಕಾಪಟ್ಟಣದ ಕಡೆಯ ನಮ್ಮೂರಿನಿಂದ ತುಮಕೂರಿನ ಕಾಲೇಜಿಗೆ ಹೋಗಲು ಶಿರಾದಲ್ಲಿ ಬಸ್ ಬದಲಾಯಿಸಬೇಕು. ಗ್ಯಾರೇಜು ಅಲ್ಲೇ ಪಕ್ಕದಲ್ಲಿ; ಬಸ್ ಬರುವವರೆಗೆ ನಾನು ಅಲ್ಲಿ ನಿಲ್ಲುತ್ತಿದ್ದೆ. ಮಾವನ ಕುರಿ ಸಾಗಿಸುವ ಟೆಂಪೋ ರಿಪೇರಿಗೆ ಬರುತ್ತಿದ್ದುದೂ ಅಲ್ಲಿಗೇ. ಅಪ್ಪ ಮಂದೆಯ ಹಿಂದೆ ಊರೂರು ತಿರುಗುವವರು; ಮನೆಯಲ್ಲಿ ಮಾವ ಹೇಳಿದ್ದೇ ನಡೆಯಬೇಕು.

ಇಂಜಿನ್ ಬಿಚ್ಚುವ ಮೊದಲು ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚುತ್ತಿದ್ದರು. "ಮೊದ್ಲು ಅದು ಏನ್ ಹೇಳ್ತದೆ ಕೇಳ್ಬೇಕು ಬೇಟಿ."

ಹರೆಯದಲ್ಲಿ ಅವರು ಬೆಂಗಳೂರಿನ ಸಾಹುಕಾರರೊಬ್ಬರ ಡ್ರೈವರ್. ಸಾಹುಕಾರರಿಗೆ ಕಾರ್ ರೇಸಿನ ಹುಚ್ಚು. ಆಗ ಮದರಾಸಿನ ಹತ್ತಿರ, ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಮೇಲೆ ರೇಸು. ವಕೀಲರು, ಡಾಕ್ಟರು, ಎಸ್ಟೇಟಿನವರು ವಾರವೆಲ್ಲ ಓಡಿಸಿದ ಮನೆಯ ಕಾರನ್ನೇ ತಂದು, ಹಿಂದಿನ ಸೀಟು ಕಿತ್ತಿಟ್ಟು, ಬಾಗಿಲಿಗೆ ನಂಬರ್ ಬಳಿದು ನುಗ್ಗಿಸುತ್ತಿದ್ದರಂತೆ. ಟಾಪಿಲ್ಲದ ಸ್ಪೋರ್ಟ್ಸ್ ಕಾರುಗಳಿಗೆ ಬೇರೆ ಪಂದ್ಯ. ಒಮ್ಮೆ ಕೈ ಉಳುಕಿದ ಸಾಹುಕಾರರು ಡ್ರೈವರನ್ನೇ ಕೂರಿಸಿದರು. ಕೊನೆಯ ಸುತ್ತಿನಲ್ಲಿ ಉಸ್ತಾದರೇ ಮುಂದು. ಹಿಂದಿನ ಕಾರು ಹಾರನ್ ಹೊಡೆಯಿತು. ಶಿರಾ ರಸ್ತೆಯಲ್ಲಿ ಪಳಗಿದ ಬಲಗೈ ತಾನಾಗಿಯೇ ಹೊರಬಂದು 'ಹೋಗು' ಎಂದು ಬೀಸಿತು. ಕಾರು ಎಡಕ್ಕೆ ಸರಿಯಿತು. ಹಿಂದಿನವನು ಗೆದ್ದ.

ಗ್ಯಾರೇಜಿಗೆ ಬಂದವರೆಲ್ಲ ಈ ಕತೆ ಹೇಳಿಸಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಮಾವ. ಉಸ್ತಾದರೂ ನಗುತ್ತಿದ್ದರು.

ಇಂಜಿನ್ನಿನ ಪೇಪರಿನಲ್ಲಿ ನಾನು ಎರಡು ಸಲ ಫೇಲಾದೆ. ಅದೊಂದು ಉಳಿದರೂ ಡಿಗ್ರಿ ಇಲ್ಲ. ಮಾವ ಗಂಡು ನೋಡಿದರು. ಟೆಂಪೋ ತಂದ ದಿನ ನನ್ನನ್ನು ಗ್ಯಾರೇಜಿನಲ್ಲೇ ಕಂಡು, "ಕುರಿ ಕಾಯೋರ ಮನೇಲಿ ಇಂಜಿನಿಯರ್ ಆಗಾಕಿಲ್ಲ ಕಣಮ್ಮ. ಸಾಕು, ಬುಟ್ಬುಡು," ಎಂದರು. ನಾನು ಹೂಂ ಅಂದುಬಿಟ್ಟೆ.

ಮಾವ ಹೋದ ಮೇಲೆ ಉಸ್ತಾದರು ಅದೇ ಕತೆಯನ್ನು ನಗದೆ ಹೇಳಿದರು.

"ಅವತ್ತು ನನ್ ಗಾಡಿ ಕೆಟ್ಟಿರ್ಲಿಲ್ಲ ಬೇಟಿ, ಪೆಟ್ರೋಲೂ ಇತ್ತು. ಹಿಂದಿಂದ ಒಬ್ಬ ಹಾರನ್ ಹೊಡ್ದ, ನಾನು ಸೈಡ್ ಕೊಟ್ಟೆ. ಅಷ್ಟೇ. ಈಗ ನೀನು ಮಾಡಿದ್ದೂ ಅದೇ."

ಆ ಸಂಜೆಯೇ ಮಾವನಿಗೆ ಹೇಳಿದೆ, ಪರೀಕ್ಷೆ ಮುಗಿಯಲಿ ಎಂದು. ಮಾವ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ದಿನಾ ಒಂದು ಬಸ್ಸು ಬಿಟ್ಟು ಇನ್ನೊಂದು ಬರುವವರೆಗೆ ಗ್ಯಾರೇಜಿನಲ್ಲಿ ಕೂತೆ. ಉಸ್ತಾದರಿಗೆ ಓದು ಬಾರದು. ನಾನು ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಿದರೆ, ಅವರು ಆ ಭಾಗವನ್ನೇ ಬಿಚ್ಚಿ ಕೈಗೆ ಕೊಡುತ್ತಿದ್ದರು. ಪುಸ್ತಕದಲ್ಲಿ ಗೆರೆಯಾಗಿದ್ದ ವಾಲ್ವು ಅಂಗೈಯಲ್ಲಿ ತೂಕವಾಯಿತು.

ಮೂರನೆಯ ಸಲ ಪಾಸು. ರಿಸಲ್ಟ್ ನೋಡಿ ಬಸ್ ಹತ್ತಿದವಳಿಗೆ ಎಂಥ ನಿದ್ದೆ ಹತ್ತಿತೆಂದರೆ, ಎಚ್ಚರಾದಾಗ ಶಿರಾ ಹಿಂದೆ ಉಳಿದಿತ್ತು.

ಉಸ್ತಾದರು ತೀರಿಕೊಂಡು ಎರಡು ವರ್ಷವಾಯಿತು. ಇವತ್ತಿಗೂ ನಾನು ಮೊದಲು ಕಿವಿ ಕೊಟ್ಟು, ಆಮೇಲೆ ಇಂಜಿನ್ನಿಗೆ ಕೈ ಹಾಕುತ್ತೇನೆ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಅದರಲ್ಲಿ ಅರ್ಧ ಅವರದು.

ಅವರು ಬದುಕಿದ್ದಾಗ, ಸರ್ಟಿಫಿಕೇಟ್ ಬಂದ ದಿನ, ಅದನ್ನು ಮೊದಲು ಗ್ಯಾರೇಜಿಗೇ ಒಯ್ದಿದ್ದೆ. ಮಾವನೂ ಇದ್ದರು. ಉಸ್ತಾದರು ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಒಮ್ಮೆ ಕೈ ತೊಳೆದು, ಒರೆಸಿ, ಒಣಗುವವರೆಗೆ ಕಾದು, ಎರಡೂ ಕೈಯಲ್ಲಿ ಇಸಿದುಕೊಂಡರು. ಹೆಸರು ಎಲ್ಲಿದೆ ಎಂದು ಕೇಳಿ, ಆ ಸಾಲಿನ ಮೇಲೆ ಬೆರಳನ್ನು ಮುಟ್ಟಿಸದೆ ಆಡಿಸಿದರು. ಆಮೇಲೆ ಮಾವನ ಕೈಗೆ ಕೊಟ್ಟರು.

ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

"ಗಂಡಿನ ಇಚಾರ ಇನ್ಮ್ಯಾಕೆ ನೀನೇ ಹೇಳು ಕಣಮ್ಮ," ಎಂದರು. "ನಾನು ಸೈಡ್ ಕೊಟ್ಬುಟ್ಟಿವ್ನಿ."